ಇಂಗಳಗಿಯವರು ನೆಟ್ಟಗೆ ಮಾಡಿದ ಗೋಪುರ

ಇಂಗಳಗಿಯವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಮೊದಲು ಗೋಡೆ ನೋಡುತ್ತಿದ್ದರು. ದೇವರ ಪಟವೋ, ತೀರಿಹೋದ ಹಿರಿಯರ ಫೋಟೋವೋ, ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರೋ ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಕೂರಲಾಗುತ್ತಿರಲಿಲ್ಲ. ತೋರುಬೆರಳಿನಿಂದ ಅದರ ಒಂದು ಮೂಲೆಯನ್ನು ಮೆಲ್ಲಗೆ ಮೇಲೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಈಗ ಕೂಡ್ರೂಣು" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಅಪ್ಪನ ಫೋಟೋ ಹೀಗೆ ಎಷ್ಟು ಸಲ ನೆಟ್ಟಗಾಯಿತೋ ಲೆಕ್ಕವಿಲ್ಲ. ಅವರು ಬರುವ ದಿನ ನನ್ನ ಹೆಂಡತಿ ಬೇಕಂತಲೇ ಅದನ್ನು ಸ್ವಲ್ಪ ವಾಲಿಸಿ ಇಡುತ್ತಿದ್ದಳು. ಮನುಷ್ಯನಿಗೆ ಒಂದು ಕೆಲಸವಿರಲಿ ಎಂದು ಅವಳ ಸಮಜಾಯಿಷಿ.

ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಉಡುಪಿ ಕಡೆಯ ಶೆಟ್ಟರೊಬ್ಬರ ಹೋಟೆಲಿಗೆ ನಾವು ಆಗಾಗ ಹೋಗುತ್ತಿದ್ದೆವು. ಒಂದು ದಿನ ಇಡ್ಲಿ ಬರುವಷ್ಟರಲ್ಲಿ ಇಂಗಳಗಿಯವರು ಗಲ್ಲಾದ ಹಿಂದಿನ ಸ್ಟೂಲು ಹತ್ತಿ ಲಕ್ಷ್ಮಿಯ ಪಟಕ್ಕೆ ಕೈ ಹಾಕಿದ್ದರು. ಶೆಟ್ಟರು ಗಾಬರಿಯಾಗಿ, "ಎಂತ ಮಾರಾಯ್ರೆ ನೀವು! ಬಿದ್ದರೆ ನನ್ನ ತಲೆಗೆ ಬರ್ತದೆ" ಎಂದು ಕೂಗಿದರು. ಇವರು ಮೇಲಿನಿಂದಲೇ, "ನಿಮ್ಮ ಲಕ್ಷ್ಮಿ ಬಾಗಲಾ ಕಡಿ ಹೊಂಟಿದ್ಲರೀ ಶೆಟ್ಟರ. ತಿರುಗಿಸಿ ಗಲ್ಲಾದ ಕಡಿ ನಿಲ್ಲಿಸೀನಿ" ಎಂದರು. ಅಂದಿನಿಂದ ಶೆಟ್ಟರು ಇವರ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾವಿಬ್ಬರೂ ಪುಣೆ ಹೊರಗಿನ ಚಾಕಣದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿ. ಅವರು ತಪಾಸಣೆಯವರು, ನಾನು ಸ್ಟೋರ್ಸಿನವನು. ಅವರದು ವಿಜಯಪುರ, ನನ್ನದು ಗದಗ. ದಿನವಿಡೀ ಮರಾಠಿ, ಹಿಂದಿಯಲ್ಲಿ ನಾಲಿಗೆ ಸವೆಸಿದ ಮೇಲೆ ಸಂಜೆ ಕಂಪನಿ ಬಸ್ಸಿನ ಬಲಗಡೆಯ ಮೂರನೇ ಸೀಟಿನಲ್ಲಿ ಕೂತು ನಾವು ಕನ್ನಡ ಮಾತಾಡುತ್ತಿದ್ದೆವು. ಪುಣೆ ಮುಟ್ಟುವ ತನಕ ಒಂದೂವರೆ ತಾಸು. ಎಷ್ಟೋ ವರ್ಷ ನನ್ನ ಮನೆಯವರಿಗಿಂತ ಹೆಚ್ಚು ಮಾತನ್ನು ನಾನು ಇಂಗಳಗಿಯವರ ಜೊತೆ ಆಡಿದ್ದೇನೆ.

ಕಾರ್ಖಾನೆಯಲ್ಲಿ ಅವರನ್ನು ಕಂಡರೆ ಯಂತ್ರ ನಡೆಸುವವರಿಗೆಲ್ಲ ಹೆದರಿಕೆ. ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಅವರು ಮಾಲು ಬಿಡುತ್ತಿರಲಿಲ್ಲ. ಒಮ್ಮೆ ದೀಪಾವಳಿಯ ಹೊಸ್ತಿಲಲ್ಲಿ ಒಂದಿಡೀ ಲಾಟು ತಳ್ಳಿಹಾಕಿ ಕೂತರು. ಮ್ಯಾನೇಜರನೇ ಬಂದು ಕೈಮುಗಿದು ಮರಾಠಿಯಲ್ಲಿ, ಹಬ್ಬದ ಹೊತ್ತು, ಈ ಒಂದು ಸಲ ಬಿಡಿ ಎಂದ. ಇವರು ಆ ಲಾಟಿನದೊಂದು ತುಂಡನ್ನು ಅವನ ಅಂಗೈ ಮೇಲಿಟ್ಟು ಮುಂದಿನ ಲಾಟು ಅಳೆಯತೊಡಗಿದರು. ಬಸ್ಸಿನಲ್ಲಿ ನನಗೆ ಹೇಳಿದರು: "ತುಂಡಿಗೆ ಸುಳ್ಳು ಹೇಳಾಕ ಬರೂದಿಲ್ಲರಿ ಹೊಸಮನಿಯವರ. ಹೇಳೂದೆಲ್ಲಾ ನಾವ." ಅವರ ಸಹಿ ಬಿದ್ದ ಮಾಲನ್ನು ಗಿರಾಕಿಗಳು ಮತ್ತೆ ಅಳೆಯುತ್ತಿರಲಿಲ್ಲ. ಅಷ್ಟು ನಂಬಿಕೆ.

ಈ ಮನುಷ್ಯನಿಗೆ ಚರ್ಚಿನ ಹುಚ್ಚು ಹಿಡಿದದ್ದು ಸ್ಕೂಟರಿನ ಪಂಕ್ಚರಿನಿಂದ. ಬ್ರಿಟಿಷರ ಕಾಲದ ದಂಡು ಪ್ರದೇಶವಾದ ಕ್ಯಾಂಪ್ ಕಡೆಯ ಒಂದು ರಸ್ತೆಯಲ್ಲಿ ಗಾಲಿ ಬಿಚ್ಚಿಸಿಕೊಂಡು ಕಾಯುತ್ತ ನಿಂತಾಗ ಬೇಸರಕ್ಕೆ ತಲೆಯೆತ್ತಿ ನೋಡಿದರಂತೆ. ಎದುರಿಗೆ ಕಪ್ಪು ಕಲ್ಲಿನ ಹಳೆಯ ಚರ್ಚು. ಗಾಥಿಕ್ ಶೈಲಿಯದು: ಚೂಪು ತುದಿಯ ಕಮಾನುಗಳು, ಕಿರಿದಾದ ಎತ್ತರದ ಕಿಟಕಿಗಳು, ಅವುಗಳಲ್ಲಿ ಬಣ್ಣದ ಗಾಜು, ಗೋಡೆಗೆ ಹೊರಗಿನಿಂದ ಒತ್ತಾಸೆ ಕೊಟ್ಟು ನಿಂತ ಕಲ್ಲಿನ ಕಂಬಗಳು, ಪಶ್ಚಿಮದ ಬಾಗಿಲ ಮೇಲೆ ಚೌಕ ಗೋಪುರ. ಪಂಕ್ಚರ್ ಹಾಕಿ ಮುಗಿಸಿದವನು ಮೂರು ಸಲ ಕರೆದನಂತೆ. ಗೋಳಗುಮ್ಮಟದ ನೆರಳಲ್ಲಿ ಹುಟ್ಟಿ ಬೆಳೆದವರಿಗೆ ಪುಣೆಯ ಒಂದು ಚರ್ಚಿನಲ್ಲಿ ಏನು ಕಂಡಿತೋ ಎಂದು ನಾನು ಕಾಲೆಳೆದಾಗ ಅವರು ಹೇಳಿದ್ದು: "ಗುಮ್ಮಟ ಅಂದ್ರ ಊಟಾ ಆಗಿ ಕೂತ ಯಜಮಾನರೀ. ಭಾಳ ಛಂದ ಕೂತಾನ, ಇಲ್ಲಾಂತ ಅಲ್ಲ. ಆದ್ರ ಇದು ಎದ್ದು ನಿಂತದ ನೋಡ್ರಿ, ಅಲ್ಲೇ ಮಜಾ ಅದ."

ಅದಾದ ಮೇಲೆ ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಪ್ರತಿ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಅವಲಕ್ಕಿ ತಿಂದು ಚರ್ಚಿಗೆ ಹೊರಡುತ್ತಿದ್ದರು. ನಾನೂ ಹೋಗುತ್ತಿದ್ದೆ, ನನಗೆ ಚರ್ಚಿನ ಎದುರಿನ ಇರಾಣಿ ಬೇಕರಿಯ ಬನ್ನಿನ ಮೇಲೆ ಆಸೆ. ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಇವರ ಕೆಲಸ ಶುರು. ಒಂದು ಕಿಟಕಿಗೆ ಒಂದು ಭಾನುವಾರ, ಒಂದು ಕಮಾನಿಗೆ ಇನ್ನೊಂದು. ಒಳಗೆ ಹೋಗುವಾಗ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದರು. ಇಲ್ಲಿ ಹಾಗೇನಿಲ್ಲ, ಹಾಕಿಕೊಂಡೇ ಬನ್ನಿ ಎಂದು ಪಾದ್ರಿಗಳು ಎಷ್ಟೋ ಸಲ ಹೇಳಿದರು. "ಕಲ್ಲಿಗೆ ಮರ್ಯಾದಿ ಕೊಡಬೇಕರಿ ಫಾದರ್" ಎಂಬುದನ್ನೇ ತಮ್ಮ ಮರಾಠಿಯಲ್ಲಿ ಹೇಳಿ ಬರಿಗಾಲಲ್ಲೇ ನಡೆಯುತ್ತಿದ್ದರು. ಪಾದ್ರಿಗಳಿಗೆ ಇವರೆಂದರೆ ಪ್ರೀತಿ. ಚರ್ಚಿನ ವಾರ್ಷಿಕ ಪುಸ್ತಿಕೆಯ ಮುಖಪುಟಕ್ಕೆ ಪ್ರತಿ ವರ್ಷ ಇವರ ಫೋಟೋವೇ.

ಆ ಮುಖಪುಟದ ಫೋಟೋಕ್ಕೆ ಒಂದು ಕಟ್ಟಳೆಯಿತ್ತು. ಜನವರಿಯ ಮೊದಲ ಭಾನುವಾರ, ಹತ್ತು ಗಂಟೆಯ ಬಿಸಿಲು ಗೋಪುರದ ಎರಡೂ ಮುಖಗಳ ಮೇಲೆ ಬೀಳುವ ಹೊತ್ತಿಗೆ, ಅಂಗಳದ ನಲ್ಲಿಯ ಪಕ್ಕದ ಹಾಸುಗಲ್ಲಿನ ಮೇಲೆ ನಿಂತು ಇಡೀ ಗೋಪುರವನ್ನು ತೆಗೆಯುವುದು. ಆ ಹಾಸುಗಲ್ಲಿನ ಮೇಲೆ ತಮ್ಮ ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಎಲ್ಲಿ ಬರಬೇಕೆಂದು ಬಿಳಿ ಬಣ್ಣದ ಮೂರು ಚುಕ್ಕೆ ಇಟ್ಟಿದ್ದರು. ಒಂದು ವರ್ಷ ಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಬಂದು ತೆಗೆದಿದ್ದನ್ನು ನಾನೇ ನೋಡಿದ್ದೇನೆ. ಹೀಗೆ ಹದಿನಾಲ್ಕು ವರ್ಷ.

ಎತ್ತರದ ಕಟ್ಟಡದ ಫೋಟೋ ತೆಗೆಯಲು ಕ್ಯಾಮೆರಾ ಮೇಲಕ್ಕೆತ್ತಿದರೆ ಚಿತ್ರದಲ್ಲಿ ಗೋಡೆಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ. ಫೋನಿನಲ್ಲಿ ತೆಗೆಯುವ ನಮಗೆ ಅದು ಲೆಕ್ಕಕ್ಕಿಲ್ಲ. ಇಂಗಳಗಿಯವರಿಗೆ ಮಾತ್ರ ಅದು ಕಣ್ಣಲ್ಲಿ ಬಿದ್ದ ಕಸ. ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತು ಗೋಡೆ, ಗೋಪುರ, ಕಮಾನು, ಕೊನೆಗೆ ಅಂಗಳದ ದೀಪದ ಕಂಬವನ್ನೂ ಬಿಡದೆ ಒಂದೊಂದು ಗೆರೆಯನ್ನೂ ಬೇರೆ ಬೇರೆಯಾಗಿ ಹಿಡಿದು ಎಳೆದು ನೆಟ್ಟಗೆ ನಿಲ್ಲಿಸುತ್ತಿದ್ದರು. ಪರದೆಯ ಅಂಚಿಗೆ ಉಕ್ಕಿನ ಸ್ಕೇಲು ಹಿಡಿದು ಪರೀಕ್ಷಿಸುತ್ತಿದ್ದರು. ಮಧ್ಯಾಹ್ನದ ಊಟ ಆರಿ ತಣ್ಣಗಾದ ಮೇಲೆ ಏಳುತ್ತಿದ್ದರು. ಅವರ ಹೆಂಡತಿ ಪದ್ಮಾ ವೈನಿ ಅಡಿಗೆಮನೆಯಿಂದ, "ಆ ಗೋಪುರಾ ನೀವು ಎತ್ತಿ ಹಿಡೀಲಿಲ್ಲಾಂದ್ರ ಬೀಳ್ತದೇನು? ಉಣ್ಣಾಕ ಬರ್ರಿ" ಎಂದು ಕೂಗುವುದು ಆ ಮನೆಯ ಭಾನುವಾರದ ಮಾತು.

"ಅಲ್ರೀ, ಕ್ಯಾಮೆರಾ ಕಂಡಂಗ ಇರಲಿ ಬಿಡ್ರಿ" ಎಂದು ನಾನೊಮ್ಮೆ ಹೇಳಿದೆ.

"ಕ್ಯಾಮೆರಾ ಸುಳ್ಳು ಹೇಳ್ತದರಿ. ಗ್ವಾಡಿ ಬಿದ್ದಂಗ ತೋರಸ್ತದ. ಕಟ್ಟಿದವರು ನೆಟ್ಟಗ ಕಟ್ಟ್ಯಾರ, ನಾವು ಡೊಂಕು ತೋರಸೂದಂದ್ರ ಅವರಿಗೆ ಅವಮಾನಾ ಮಾಡಿದಂಗ."

"ಮತ್ತ ಮೊದಲಿನ ಫೋಟೋ?"

"ಅದರ ಮ್ಯಾಲನ ಸೇವ್ ಮಾಡೂದು. ಡೊಂಕು ಮಾಲು ಮನ್ಯಾಗ ಇಟ್ಕೊಂಡು ಏನ್ ಮಾಡಾವ್ರಿ?"

ತಳ್ಳಿಹಾಕಿದ ಮಾಲು ಒಳ್ಳೆಯದರ ಜೊತೆ ಸೇರಬಾರದೆಂದು ಕಾರ್ಖಾನೆಯಲ್ಲಿ ಅದನ್ನು ಅವತ್ತೇ ಕರಗಿಸಲು ಕಳಿಸುತ್ತಿದ್ದವರು ಅವರು. ಮೂವತ್ತು ವರ್ಷದ ಅಭ್ಯಾಸ ಮನೆಯಲ್ಲಿ ಬದಲಾಗುತ್ತದೆಯೇ? ಕ್ಯಾಮೆರಾದ ಕಾರ್ಡನ್ನೂ ಒರೆಸಿ ಸ್ವಚ್ಛ ಮಾಡಿ ಮುಂದಿನ ಭಾನುವಾರಕ್ಕೆ ತಯಾರಿಡುತ್ತಿದ್ದರು. ನಾನು ನಕ್ಕೆ. ಈಗ ಆ ನಗು ನೆನಪಾದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅವರು ನಿವೃತ್ತರಾದ ಎರಡನೆಯ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಪ್ರಾರ್ಥನೆ ಬಿಟ್ಟ ಮೇಲೆ ಗೋಪುರದ ತುದಿಯಿಂದ ಒಂದು ಕಲ್ಲು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಒಂದು ಸ್ಕೂಟಿಯ ಸೀಟು ಹೋಯಿತು. ಆದರೆ ಜನ ಹೆದರಿದರು. ಹಿಂದಿನ ರಸ್ತೆಯಲ್ಲಿ ಯಾವುದೋ ದೊಡ್ಡ ಕಟ್ಟಡಕ್ಕೆ ಕೆಲವು ತಿಂಗಳಿಂದ ಆಳವಾಗಿ ಅಗೆಯುತ್ತಿದ್ದರು, ಅದರಿಂದಲೇ ತಳ ಸಡಿಲವಾಗಿದೆ ಎಂದು ಮಾತಾಯಿತು. ಚರ್ಚಿನ ಸಮಿತಿಯವರು ಒಬ್ಬ ಎಂಜಿನಿಯರನ್ನು ಕರೆಸಿದರು. ಮರಾಠಿ ಹುಡುಗಿ, ಚುರುಕು, ಮಾತು ಕಡಿಮೆ. ಅವಳು ಮೇಲಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದಳು. ಗೋಪುರ ದಕ್ಷಿಣಕ್ಕೆ ನಾಲ್ಕು ಬೆರಳು ವಾಲಿತ್ತು.

ಇದು ಹಳೆಯ ವಾಲುವಿಕೆಯಾಗಿದ್ದರೆ ಭಯವಿಲ್ಲ, ಎಷ್ಟೋ ಹಳೆಯ ಗೋಪುರಗಳು ವಾಲಿಕೊಂಡೇ ನೂರಾರು ವರ್ಷ ನಿಂತಿವೆ ಎಂದು ಅವಳು ಹೇಳಿದಳು. ಹೊಸದಾದರೆ ಅಪಾಯ. ಕಲ್ಲಿನ ಸಂದುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ವರ್ಷ ಕಾಯೋಣ, ಗೋಪುರ ಸರಿದರೆ ಗಾಜು ಒಡೆಯುತ್ತದೆ, ಆಗ ಗೊತ್ತಾಗುತ್ತದೆ ಎಂಬುದು ಅವಳ ಆಲೋಚನೆ. ಪಾದ್ರಿಗಳೂ ಒಪ್ಪಿದ್ದರು.

ಆ ಒಂದು ವರ್ಷವನ್ನು ಹಾಳು ಮಾಡಿದವನು ನಾನು.

ಈ ಸುದ್ದಿಯನ್ನು ಇಂಗಳಗಿಯವರು ತಂದಾಗ ಅವರ ಮುಖ ಬಾಡಿತ್ತು. ಕೆಡವುತ್ತಾರೆಂಬ ಹೆದರಿಕೆ ಅವರನ್ನು ತಿನ್ನುತ್ತಿತ್ತು. ನನಗೆ ಮಿಂಚಿದಂತಾಯಿತು. "ಒಂದು ವರ್ಷ ಯಾಕ ಕಾಯಬೇಕರಿ? ಒಂದ ಜಾಗಾದಾಗ ನಿಂತು ತಗದ ಹದಿನಾಕು ಫೋಟೋ ನಿಮ್ಮ ಕಡೆ ಅವ. ಎಲ್ಲಾದರಾಗೂ ಅಷ್ಟ ವಾಲಿತ್ತಂದ್ರ ಹಳೇದು ಅಂತ ಸಿದ್ಧ ಆತಲ್ಲ!" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಮುಖ ಬೆಳಗಿತು. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಹದಿನಾಲ್ಕು ಚಿತ್ರಗಳನ್ನೂ ದೊಡ್ಡದಾಗಿ ಅಚ್ಚು ಹಾಕಿಸಲು ಕೊಟ್ಟು, ಒಂದು ಲಕೋಟೆಯಲ್ಲಿ ಹಾಕಿಸಿ ನೇರ ಸಮಿತಿಗೆ ಕಳಿಸಿದರು. ಎರಡು ದಿನ ಅವರ ಸಂಭ್ರಮ ನೋಡಬೇಕಿತ್ತು. ತಾವು ಪ್ರತಿ ಗೆರೆಯನ್ನೂ ನೆಟ್ಟಗೆ ಎಳೆದದ್ದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವರ ಮನಸ್ಸಿನಲ್ಲಿ ತಿದ್ದಿದ್ದು ಕ್ಯಾಮೆರಾದ ಸುಳ್ಳನ್ನು, ಗೋಪುರವನ್ನಲ್ಲ.

ಶನಿವಾರ ಸಮಿತಿಯ ಸಭೆ. ಚರ್ಚಿನ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹದಿನಾಲ್ಕು ಚಿತ್ರ ಸಾಲಾಗಿ ಹರವಿದ್ದರು. ನಾವಿಬ್ಬರೂ ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆವು. ಎಂಜಿನಿಯರು ಒಂದೊಂದರ ಮೇಲೂ ಸ್ಕೇಲಿಟ್ಟು ನೋಡುತ್ತ ಬಂದಳು. ಕೊನೆಯ ಚಿತ್ರ ಆ ವರ್ಷದ ಜನವರಿಯದು. ಅದನ್ನು ಕೈಗೆತ್ತಿಕೊಂಡು ಇಂಗಳಗಿಯವರ ಕಡೆ ತಿರುಗಿದಳು. "ಕಾಕಾ, ಹೇ ಫೋಟೋ ತುಮ್ಹೀಚ್ ಕಾಢಲೇ ನಾ?" ನೀವೇ ತೆಗೆದದ್ದಲ್ಲವೇ ಎಂದು. ಇವರು ಹೆಮ್ಮೆಯಿಂದ ತಲೆಯಾಡಿಸಿದರು. ಅವಳು ಸಮಿತಿಯವರ ಕಡೆ ನೋಡಿ ಹೇಳಿದಳು: ಜನವರಿಯವರೆಗೆ ಗೋಪುರ ಪೂರ್ತಿ ನೆಟ್ಟಗಿದೆ, ಒಂದು ಕೂದಲೂ ಆಚೀಚೆ ಇಲ್ಲ. ಈಗ ನಾಲ್ಕು ಬೆರಳು. ಒಂಬತ್ತು ತಿಂಗಳಲ್ಲಿ ಇಷ್ಟು ಸರಿದ ಗೋಪುರದ ಕೆಳಗೆ ಗಾಜು ಅಂಟಿಸಿ ಕಾಯಲು ನಾನು ಹೇಳಲಾರೆ. ಇಳಿಸಿಬಿಡಿ.

ಇಂಗಳಗಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಬೀಳುವಂತೆ ಎದ್ದರು. ಮರಾಠಿ ಮರೆತು ಕನ್ನಡದಲ್ಲೇ ಶುರುವಿಟ್ಟರು. "ಇಲ್ರೀ, ಇಲ್ಲ! ಅದನ್ನ ನಾ ನೆಟ್ಟಗ ಮಾಡೀನ್ರಿ! ಎಲ್ಲಾನೂ ನಾ ನೆಟ್ಟಗ ಮಾಡೀನಿ!" ನಾನು ಮರಾಠಿಯಲ್ಲಿ ಹೇಳಿದೆ, ಅವರು ಕಂಪ್ಯೂಟರಿನಲ್ಲಿ ತಿದ್ದುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಎಂಜಿನಿಯರು ಕೆಟ್ಟವಳಲ್ಲ. ತಿದ್ದುವ ಮೊದಲಿನ ಪ್ರತಿ ಕೊಡಿ ಎಂದಳು. ಇಲ್ಲ. ಎಷ್ಟು ತಿದ್ದಿದಿರಿ, ಒಂದು ಅಂದಾಜಾದರೂ ಹೇಳಿ ಎಂದಳು. ಸ್ಕೇಲಿಗೆ ನೆಟ್ಟಗಾಗುವ ತನಕ ಎಳೆದದ್ದು, ಎಷ್ಟು ಎಂದು ಯಾರು ಬರೆದಿಟ್ಟಾರು? ಜೀವನವಿಡೀ ಅಳತೆ ಬರೆದಿಟ್ಟವರು ಅದೊಂದನ್ನು ಬರೆದಿಡಲಿಲ್ಲ.

ಸಮಿತಿಯ ಹಿರಿಯರೊಬ್ಬರು ಸಮಾಧಾನದ ದನಿಯಲ್ಲಿ, ಈ ಗೋಪುರದ ಮೇಲೆ ನಿಮಗೆಷ್ಟು ಪ್ರೀತಿಯೆಂದು ನಮಗೆ ಗೊತ್ತು, ಅದನ್ನು ಉಳಿಸಲು ನೀವು ಏನು ಬೇಕಾದರೂ ಹೇಳುತ್ತೀರಿ ಎಂದರು. ಸೌಮ್ಯವಾಗಿಯೇ ಅಂದರು. ಸುಳ್ಳುಗಾರ ಎಂಬ ಮಾತನ್ನು ಬಳಸಲಿಲ್ಲ. ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು, ಇಂಗಳಗಿಯವರಿಗೂ. ಅವರ ಕಿವಿ ಕೆಂಪಾಯಿತು. ಪಾದ್ರಿಗಳು ತಲೆ ತಗ್ಗಿಸಿಕೊಂಡಿದ್ದರು. ಪ್ರತಿ ಭಾನುವಾರ ಆ ಗೋಪುರದ ಕೆಳಗೆ ಮಕ್ಕಳು ಆಡುತ್ತಾರೆ, ಪಾದ್ರಿಗಳಾದರೂ ಏನು ಮಾಡಿಯಾರು? ಯಾರನ್ನು ಬೈಯಬೇಕೆಂದು ಈಗಲೂ ನನಗೆ ತಿಳಿದಿಲ್ಲ. ಹುಡುಕಿದರೆ ನಾನೇ ಸಿಗುತ್ತೇನೆ.

ಎರಡು ತಿಂಗಳು ಅವರು ಆ ಹಳೆಯ ಪ್ರತಿಗಳ ಬೆನ್ನು ಹತ್ತಿದರು. ಅಳಿಸಿಹೋದ ಫೋಟೋ ಮರಳಿ ತೆಗೆದುಕೊಡುವ ಒಂದು ಅಂಗಡಿ ಶಿವಾಜಿನಗರದಲ್ಲಿತ್ತು. ಮೂರು ಕಾರ್ಡು, ಎರಡು ಹಳೆಯ ಕಂಪ್ಯೂಟರು ಅಲ್ಲಿಗೆ ಹೊತ್ತೊಯ್ದೆವು. ವಾರ ಕಳೆದು ಅಂಗಡಿಯವನು ಏನೋ ಸಿಕ್ಕಿದೆ ಎಂದು ಫೋನ್ ಮಾಡಿದ. ಇಂಗಳಗಿಯವರು ರಿಕ್ಷಾದಲ್ಲಿ ದಾರಿಯುದ್ದಕ್ಕೂ ನನ್ನ ಮೊಣಕಾಲು ಹಿಡಿದುಕೊಂಡು ಕೂತಿದ್ದರು. ಸಿಕ್ಕಿದ್ದು ಅವರ ತಂಗಿಯ ಮಗಳ ಮದುವೆಯ ಫೋಟೋಗಳು. ಅಕ್ಷತೆ ಹಾಕುತ್ತಿರುವ ಜನ, ಊಟದ ಪಂಕ್ತಿ, ಹೋಳಿಗೆ ಬಡಿಸುತ್ತಿರುವ ನಾನು. ಚರ್ಚಿನ ಒಂದು ಕಲ್ಲೂ ಇರಲಿಲ್ಲ. ಪಾದ್ರಿಗಳು ಪಾಪ, ಮನೆಮನೆಗೆ ಕೇಳಿ ಮದುವೆಯ ಆಲ್ಬಂ ತರಿಸಿದರು. ಅವುಗಳಲ್ಲಿ ಮೆಟ್ಟಿಲಿತ್ತು, ವಧೂವರರಿದ್ದರು, ಗೋಪುರ ಯಾರಿಗೂ ಬೇಕಾಗಿರಲಿಲ್ಲ. ವಾಪಸು ಬರುವಾಗ ಇಂಗಳಗಿಯವರು ಅಂದರು: "ಊರ ಮಂದಿ ಹೆಂಗ್ಯಾಂಗರ ತಗದಿದ್ರೂ ಇವತ್ತ ಕೆಲಸಕ್ಕ ಬರ್ತಿತ್ತು. ನಾ ಒಬ್ಬನ ಶಾಣ್ಯಾ ಆಗಿದ್ದು."

ಬೇಸಿಗೆಯಲ್ಲಿ ಗೋಪುರಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿದರು. ಇಂಗಳಗಿಯವರು ಆ ಕಡೆ ಕಾಲಿಡಲಿಲ್ಲ. ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು ಬಾಲ್ಕನಿಯಲ್ಲಿ ಕೂತಿರುತ್ತಿದ್ದರು ಎಂದು ವೈನಿ ಹೇಳುತ್ತಿದ್ದರು. ಒಂದು ದಿನ ನನಗೆ ಫೋನ್ ಮಾಡಿದರು. "ಹೊಸಮನಿಯವರ, ಒಂದು ಕೆಲಸಾ ಮಾಡ್ರಿ. ಕಲ್ಲು ಬಿಚ್ಚಿದಾಗ ಒಳಗಿನ ಸುಣ್ಣಾ ಹೇಳ್ತದ, ಹಳೇದೋ ಹೊಸಾದೋ ಅಂತ. ನೀವು ಹೋಗಿ ಕೇಳಿ ಬರ್ರಿ. ನನಗ ಹೋಗಾಕ ಆಗೂದಿಲ್ಲ." ಮತ್ತೆ ಅಂದರು: "ಹೊಸಾದಂದ್ರ ಛಲೋ ಆತರಿ. ನನ್ನ ಫೋಟೋದಿಂದ ನಾಕು ಮಂದಿ ಜೀವಾ ಉಳೀತು ಅಂತ ಆಕ್ಕತಿ."

ನಾನು ಹೋದಾಗ ಗೋಪುರ ಅರ್ಧ ಇಳಿದಿತ್ತು. ಅಂಗಳದ ತುಂಬ ಕಪ್ಪು ಕಲ್ಲು. ಕೆಲಸದ ಮೇಸ್ತ್ರಿ ಸಿಂದಗಿ ಕಡೆಯವನೆಂದು ಅವನ ಮೊದಲ ಮಾತಿಗೇ ಗೊತ್ತಾಯಿತು. ಕನ್ನಡದವನು ಕೇಳಿದ ಎಂದು ಅವನಿಗೂ ಖುಷಿ. ಕೈಹಿಡಿದು ಕರೆದುಕೊಂಡು ಹೋಗಿ ಅಟ್ಟಣಿಗೆಯ ಕೆಳಹಂತದಿಂದ ತೋರಿಸಿದ.

"ಇಲ್ನೋಡ್ರಿ ಸಾಹೇಬ್ರ, ಕಲ್ಲಿನ ನಡುವ ಈ ಕಡಿ ಸುಣ್ಣ ದಪ್ಪ, ಆ ಕಡಿ ತೆಳ್ಳಗ. ಕಟ್ಟೂ ಮುಂದ ಅರ್ಧಕ್ಕ ಬಂದಾಗ ವಾಲೇತಿ ಅಂತ ಅವರಿಗೆ ತಿಳದೇತಿ. ಮ್ಯಾಲಿನ ಸಾಲು ನೆಟ್ಟಗ ಕೂಡಿಸಾಕ ಒಂದ ಕಡಿ ಸುಣ್ಣಾ ಏರಿಸ್ಯಾರ."

"ಆಮ್ಯಾಲ?" ಎಂದೆ.

"ಆಮ್ಯಾಲ ಏನಿಲ್ರಿ. ಸುಣ್ಣಾ ಎಲ್ಲೂ ಬಿರದಿಲ್ಲ. ಅವತ್ತ ಎಷ್ಟ ವಾಲಿತ್ತೋ ಇವತ್ತೂ ಅಷ್ಟ. ನಾವು ಕೈ ಹಚ್ಚದಿದ್ರ ಹಂಗ ನಿಂತಿರತಿತ್ತು."

"ಮತ್ತ ಆ ಕಲ್ಲು ಬಿದ್ದದ್ದು?"

"ತುದಿಗೆ ಅರಳಿ ಸಸಿ ಬೇರು ಬಿಟ್ಟಿತ್ರಿ. ಅದನ್ನ ಕಿತ್ತ ಒಗದಿದ್ರ ಮುಗೀತಿತ್ತು."

ಅವನು ಸಂದಿನಿಂದ ಒಂದು ತುಂಡು ಗಟ್ಟಿ ಸುಣ್ಣ ಕಿತ್ತು ನನ್ನ ಕೈಗಿಟ್ಟ, ನೂರು ವರ್ಷದ ಮ್ಯಾಲಿಂದು, ಹೆಂಗದ ನೋಡ್ರಿ ಎಂದ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಹೊರಗೆ ಬಂದು ಇರಾಣಿ ಬೇಕರಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಳಗೆ ಹೋಗಿ ಬನ್ನು ತಿನ್ನಲು ಮನಸ್ಸಾಗಲಿಲ್ಲ. ಇಂಗಳಗಿಯವರ ಮನೆ ಮುಟ್ಟುವಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ವೈನಿ ಚಹಾ ತಂದಿಟ್ಟು ಒಳಗೆ ಹೋದರು. ಇಂಗಳಗಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕೆಲವು ತಿಂಗಳಲ್ಲಿ ಅವರು ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗಾಗಿ ಕಾಣುತ್ತಿತ್ತು.

"ಹೊಸಾದಂತರಿ" ಎಂದೆ. "ಒಳಗ ಪೂರಾ ಬಿರದಿತ್ತಂತ. ನೀರು ಇಳದು ಸುಣ್ಣಾ ಎಲ್ಲಾ ಹಿಟ್ಟಾಗಿತ್ತಂತ. ಇನ್ನೊಂದು ಮಳಿಗಾಲಾ ತಡೀತಿದ್ದಿಲ್ಲ ಅಂದ ಮೇಸ್ತ್ರಿ. ನೀವು ಮಾಡಿದ್ದು ಪುಣ್ಯದ ಕೆಲಸರಿ."

ಅವರ ಕಣ್ಣು ನನ್ನ ಅಂಗಿಯ ಜೇಬಿನ ಮೇಲಿತ್ತು. ಜೇಬಿನ ಬುಡದಲ್ಲಿ ಬಿಳಿ ಕಲೆಯಾಗಿತ್ತು, ತುಂಡು ಉಬ್ಬಿ ಕಾಣುತ್ತಿತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಅವರು ಮೆಲ್ಲಗೆ ಕೈ ಚಾಚಿದರು. ಕೊಡದೆ ಬೇರೆ ದಾರಿಯಿರಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದು ನೋಡಿದರು, ಅದು ಉದುರಲಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ತುದಿ ಹಿಡಿದು, ಆಮೇಲೆ ಇನ್ನೊಂದು ತುದಿ ಹಿಡಿದರು. ಕಾರ್ಖಾನೆಯಲ್ಲಿ ಈ ಬೆರಳುಗಳು ಸಾವಿರಾರು ತುಂಡುಗಳನ್ನು ಹೀಗೆ ಹಿಡಿದದ್ದನ್ನು ನೋಡಿದ್ದೇನೆ. ಒಮ್ಮೆಯೂ ತಪ್ಪಿದವಲ್ಲ.

"ಈ ಕಡಿ ದಪ್ಪ ಅದ" ಎಂದರು. "ಈ ಕಡಿ ಅರ್ಧಾನೂ ಇಲ್ಲ." ತುಂಡನ್ನು ಇನ್ನೊಮ್ಮೆ ತಿರುಗಿಸಿ ನೋಡಿ, "ಅವರೂ ತಿದ್ದಾಕ ನೋಡ್ಯಾರ್ರೀ, ಪಾಪ."

ಚಹಾ ಆರಿತು. ಹೊರಡಲು ಎದ್ದೆ.

ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಮಳೆ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ಆಗ ಗದಗಿನಲ್ಲಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚರ್ಚು ಈಗಲೂ ಇದೆ, ಗೋಪುರವಿದ್ದ ಜಾಗಕ್ಕೆ ತಗಡು ಹೊದಿಸಿದ್ದಾರೆ. ನಾನು ಆ ರಸ್ತೆಯಲ್ಲಿ ಹೋಗುವುದಿಲ್ಲ.

ಆ ದಿನ ಅವರು ನನ್ನನ್ನು ಕಳಿಸಲು ಬಾಗಿಲ ತನಕ ಬಂದರು. ಸುಣ್ಣದ ತುಂಡು ಮುಷ್ಟಿಯಲ್ಲೇ ಇತ್ತು. ದೀಪಾವಳಿಯ ಹೊಸ್ತಿಲಲ್ಲಿ ಮ್ಯಾನೇಜರ್ ಕೈಮುಗಿದರೂ ಕರಗದ ಮನುಷ್ಯ, ತಪ್ಪು ಮಾಲಿನ ಮುಂದೆ ಯಾರ ಮುಖವನ್ನೂ ನೋಡದ ಮನುಷ್ಯ, ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಭಾಳ ಛಲೋ ಮನಷ್ಯಾ ಅದೀರಿ, ಹೊಸಮನಿಯವರ. ನನ್ನ ಸಲುವಾಗಿ ಸುಳ್ಳು ಹೇಳಿದ್ರಿ" ಎಂದರು.

ಬೈದಿದ್ದರೆ ಚೆನ್ನಾಗಿತ್ತು.